ನಡುವಿನ ವಾಯರು

ಗಬ್ಬೂರ ಕ್ರಾಸಿನ್ಯಾಗ ನಸಿಕಿನ ನಾಲ್ಕಕ್ಕ
ಬ್ಯಾಡಗಿ ಮೆಣಸಿನಕಾಯಿ ಹೇರಿದ ಲಾರಿ ನಿಂತಿತ್ತು.
ಸೆಲ್ಫ್ ಹೊಡದ್ರ ಕಟಕ್ ಅಂತಿತ್ತು, ಅಷ್ಟ.
ಬುಡ್ನೇಸಾಬ ಹೊಂಬಳ ಬಂದು ನಮ್ಮ ಶಟರ್ ಬಡದ.
ಅಪ್ಪ ಎದ್ದ. ಅಪ್ಪ ಎದ್ದಂದ್ರ ನಾನೂ ಏಳಬೇಕು,
ಬ್ಯಾಟರಿ ಹಿಡಿಯಾಕ.

ನಮ್ಮ ಕಡೆ ಟಾರ್ಚಿಗೂ ಬ್ಯಾಟರಿ ಅಂತಾರ.
ಒಂದು ಬ್ಯಾಟರಿ ಹಿಡಕೊಂಡು ಇನ್ನೆರಡು ಬ್ಯಾಟರಿ ತೋರಸೂದು,
ಎಂಟು ವರ್ಷದಿಂದ ಇದ ನನ್ನ ಕೆಲಸ.
ಮಗ್ಗಿಗಿಂತ ಮೊದಲ ಮೀಟರ್ ಓದಾಕ ಕಲ್ತೀನಿ.
ಅಣ್ಣ ಮಾನಪ್ಪ ಮಲಗಿದ್ದ. ಅವಗ ಪರೀಕ್ಷಾ ಅದಾವ.
ನನಗೂ ಅದಾವ. ಇರ್ಲಿ.

ಪೆಟ್ಟಿಗಿ ಮುಚ್ಚಳ ತೆಗದ್ರ
ಎರಡೂ ಒಂದ ಕಂಪನಿ, ಒಂದ ದಿನ ಕೊಂಡವು,
ನೊಗಕ್ಕ ಹೂಡಿದಂಗ ಬಾಜೂಕ ಬಾಜೂ ಕುಂತಾವ.
ಹನ್ನೆರಡಕ್ಕ ಹನ್ನೆರಡು ಕೂಡಿ ಇಪ್ಪತ್ನಾಲ್ಕು.
ಅಪ್ಪ ಕೆಂಪು ಮುಳ್ಳು ಒತ್ತಿದ, ಕರೇದು ಒತ್ತಿದ.
ಒಂದಕ್ಕ ಹನ್ನೆರಡು ಪಾಯಿಂಟ್ ಎಂಟು, ನಾ ಓದಿದೆ.
ಇನ್ನೊಂದಕ್ಕ ಹತ್ತು ಪಾಯಿಂಟ್ ಒಂಬತ್ತು.
ಅಪ್ಪ ಸೀನಿದ, ಮೂಗು ಒರಸಿಕೊಂಡ.
"ನಡುವ ಯಾವಾಂವ ಕೈ ಹಾಕ್ಯಾನ?"

ಎರಡನ್ನೂ ಜೋಡಿಸೋ ಪಟ್ಟಿಗೆ
ಕದ್ದು ಕಚ್ಚಿಸಿದ ಹಳದಿ ವಾಯರು
ಕ್ಯಾಬಿನ್ನಿಗೆ ಏರಿ, ಕಿನ್ನರ ದ್ಯಾಮಣ್ಣನ ತಲಿ ಮ್ಯಾಲೆ
ಬಟ್ಟಲಷ್ಟು ಫ್ಯಾನಿಗೆ ಮುಟ್ಟಿತ್ತು.

"ಹುಡುಗಗ ಘಾಟು ತಡಿಯಂಗಿಲ್ಲ ಬಡಿಗೇರ,
ರಾತ್ರೆಲ್ಲಾ ಎದಿ ಸೀಟಿ ಹೊಡಿತೈತಿ.
ಮೊದಲನೇ ಫ್ಯಾನು ಇಪ್ಪತ್ನಾಲ್ಕಕ್ಕ ಹಚ್ಚಿದ್ದೆ,
ಭಿರ್ರಂತ ತಿರುಗಿ ಸುಟ್ಟು ಹೋತು.
ಈಗ ಹನ್ನೆರಡರದಕ್ಕ ಹನ್ನೆರಡ ಕೊಟ್ಟೀನಿ.
ಏನ್ ತಪ್ಪು ಹೇಳು?"

"ಲೆಕ್ಕ ಬರೋಬ್ಬರಿ ಐತಿ ಸಾಬ.
ಆದ್ರ ಸೆಲ್ಫಿಗೆ ಎರಡೂ ಎಳೀತಾವ, ಹೆಡ್‌ಲೈಟಿಗೆ ಎರಡೂ ಎಳೀತಾವ,
ಫ್ಯಾನಿಗೆ ಕೆಳಗಿಂದೊಂದ.
ಡೈನಮೋಕ್ಕೇನ್ ಗೊತ್ತು? ಅದು ಎರಡನ್ನೂ ಕೂಡಿಸಿ ನೋಡತೈತಿ,
ಒಂದ ಅಳತಿ ಉಣಸತೈತಿ.
ಹಸದದ್ದಕ್ಕ ಹೊಟ್ಟಿ ತುಂಬೂದಿಲ್ಲ,
ತುಂಬಿದ್ದು ಕುದಿತೈತಿ.
ಇಲ್ಲಿ ನೋಡು, ನೀರ ಇಂಗೇತಿ.
ಇದು ಖಾಲಿ ಆಗಿ ಸಾಯತೈತಿ,
ಅದು ಉಂಡು ಉಂಡು."

ಬೆಳಕು ಅಳ್ಳಾಡಿತು.
"ನೆಟ್ಟಗ ಹಿಡಿ" ಅಂದ ಅಪ್ಪ.
ಹಿಡದೆ.

ಗಿರಾಕಿ ಬಂದ್ರ ಚಾ.
ಎಂಟು ದಿನಕ್ಕೊಮ್ಮಿ ನಳ ಬಂದ್ರ ಕೊಡ.
ಅಮ್ಮನ ಕಾಲು, ಅಂಗಡಿ ಪಟ್ಟಿ, ಮಾನಪ್ಪನ ಇಸ್ತ್ರಿ,
ಕಳದ ಹತ್ತನೇ ನಂಬರ್ ಪಾನಾ.
ಎಲ್ಲಾ ಸಣ್ಣ ಲೋಡು. ಫ್ಯಾನಿನಷ್ಟ.

ಅಪ್ಪ ಹಳದಿ ವಾಯರು ಕಿತ್ತು ನನ್ನ ಕೈಗೆ ಕೊಟ್ಟ.
ಕಪಾಟಿನಿಂದ ಹಲ್ಲುಹಲ್ಲಿನ ಅಲ್ಯೂಮಿನಿಯಂ ಡಬ್ಬಿ ತಂದ,
ಕನ್ವರ್ಟರು. ಸಾವಿರದ ನೂರು. ಚೌಕಾಸಿ ಆಗಿ ಒಂಬೈನೂರು.
"ತುದಿಯಿಂದ ತಗೊಬೇಕು, ಎರಡರ ಮೈಮ್ಯಾಲೂ ಹಾದು ಬರಬೇಕು,
ಆಮ್ಯಾಲೆ ಇದು ಇಳಿಸಿ ಕೊಡತೈತಿ."
"ಬಿಸಿ ಆಗತೈತೇನು?"
"ಆಗತೈತಿ. ಆಗಲಿ."
ಫ್ಯೂಜ್ ಹಾಕಿದ. ಅರ್ಥ್ ಕಟ್ಟಿದ.
ನಮ್ಮ ಹಳೇ ಜೋಡಿ ಏರಿಸಿ, ಅವರದನ್ನ ನೆಲಕ್ಕ ಇಳಿಸಿದ.

ಸೆಲ್ಫ್ ಹೊಡದ್ರ ಇಡೀ ಓಣಿ ಎದ್ದಿತು.
ದ್ಯಾಮಣ್ಣ ಕಣ್ಮುಚ್ಚಿ ಫ್ಯಾನಿಗೆ ಮುಖ ಕೊಟ್ಟು
"ತಂಪೈತ್ರಿ" ಅಂದ. ಮತ್ತ ಸೀನಿದ.
ಲಾರಿ ಧಾರವಾಡದ ಕಡೆ ತಿರುಗಿತು,
ಘಾಟು ಇನ್ನಷ್ಟು ಹೊತ್ತು ನಮ್ಮಲ್ಲೇ ಉಳೀತು.

ಸೋತ ಬ್ಯಾಟರಿ ಅಂಗಡಿ ಮೂಲ್ಯಾಗ ಒಂದ.
ಇದಕ್ಕ ಜೋಡಿ ಬ್ಯಾಡ ಈಗ, ಅಪ್ಪ ಹೇಳಿದ್ದ,
ಒಂದಕ್ಕ ಒಂದು ದಿನ ಪೂರ್ತಿ, ಸಾವಕಾಶ ಕೊಡಬೇಕು.

ಅವತ್ತ ರಾತ್ರಿ ಕತ್ತಲಾಗ ಅಪ್ಪನ ದನಿ:
"ನೀರ ತಾ."
ಹೆಸರು ಹೇಳಿರಲಿಲ್ಲ. ಯಾವತ್ತೂ ಹೇಳೂದಿಲ್ಲ.
ಮಾನಪ್ಪ ಹೊಳ್ಳಿ ಮಲಗಿದ.
ನಾನೂ ಹೊಳ್ಳಿದೆ.
ಗ್ವಾಡಿ ಆಚೆ ಚಾರ್ಜರು ಗುಂಯ್ ಅಂತಿತ್ತು,
ಆಸಿಡ್ಡಿನ್ಯಾಗ ಸಣ್ಣ ಸಣ್ಣ ಗುಳ್ಳಿ ಏಳೂ ಸಪ್ಪಳ.
ಭಾಳ ಹೊತ್ತಿನ ಮ್ಯಾಲೆ
ತಂಬಿಗಿ ಹಂಡೇಕ ತಾಗಿದ್ದು ಕೇಳಸ್ತು.
ಯಾರು ಎದ್ರು ಅಂತ
ಕಣ್ಣು ತೆಗದು ನೋಡಲಿಲ್ಲ.